ತಪ್ಪು ಮಗುವಿನದಲ್ಲ

ನಿಮ್ಮ ಮಗು 'ನೈಫ್' ಎಂಬ ಪದವನ್ನು 'ಎನ್' ಅಕ್ಷರದಿಂದ ಆರಂಭಿಸಿ ಬರೆದಿದೆಯೇ? ಗದರುವ ಮುನ್ನ ಸ್ವಲ್ಪ ತಾಳಿ. ಅದು ಕಿವಿಗೆ ಕೇಳಿಸಿದ್ದನ್ನೇ ಬರೆದಿದೆ. ಕನ್ನಡದಲ್ಲಿ ನಾವು ಕಲಿಸಿದ್ದೂ ಅದನ್ನೇ ತಾನೇ?

ಹಿಂದೆ ಇಂಗ್ಲಿಷರು ಈ ಪದದ ಮೊದಲಿನ 'ಕೆ'ಯನ್ನೂ ಉಚ್ಚರಿಸುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣ ಯಂತ್ರ ತಂದರು. ಮುದ್ರಣದಿಂದಾಗಿ ಸ್ಪೆಲ್ಲಿಂಗ್ ಕ್ರಮೇಣ ಸ್ಥಿರವಾಯಿತು. ಜನರ ಉಚ್ಚಾರ ಮಾತ್ರ ಬದಲಾಗುತ್ತಲೇ ಹೋಯಿತು. ಬಾಯಿಂದ ಮರೆಯಾದ 'ಕೆ' ಬರಹದಲ್ಲಿ ಉಳಿದುಕೊಂಡಿತು.

ಇನ್ನು ಕೆಲವು ಅಕ್ಷರಗಳನ್ನು ವಿದ್ವಾಂಸರೇ ಸೇರಿಸಿದರು. ಸಾಲ ಎಂಬ ಅರ್ಥದ 'ಡೆಟ್' ಫ್ರೆಂಚ್‌ನಿಂದ ಬಂದಾಗ ಅದರಲ್ಲಿ 'ಬಿ' ಇರಲಿಲ್ಲ. ಅದರ ಲ್ಯಾಟಿನ್ ಮೂಲವಾದ 'ಡೆಬಿಟುಮ್' ಅನ್ನು ನೆನಪಿಸಲೆಂದು 'ಬಿ' ತಂದು ಕೂರಿಸಿದರು. ದ್ವೀಪ ಎಂಬ ಅರ್ಥದ 'ಐಲೆಂಡ್'ನಲ್ಲಿರುವ 'ಎಸ್' ಅಂತೂ ಶುದ್ಧ ತಪ್ಪು. ಅದು ಹಳೆಯ ಇಂಗ್ಲಿಷ್ ಪದ. ಲ್ಯಾಟಿನ್‌ನ 'ಇನ್ಸುಲಾ'ದೊಂದಿಗೆ ಇಲ್ಲದ ನಂಟು ಕಲ್ಪಿಸಿ 'ಎಸ್' ಅಂಟಿಸಿಬಿಟ್ಟರು.

ನೋಡಿ, ಪಂಡಿತರು ಮಾಡಿದ ತಪ್ಪನ್ನು ಇಂದು ನಮ್ಮ ಮಕ್ಕಳು ಬಾಯಿಪಾಠ ಮಾಡಬೇಕಾಗಿದೆ! ಆದ್ದರಿಂದ ತಾಯಂದಿರೇ, ಬೆತ್ತ ಬದಿಗಿಡಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಪದದ ಕಥೆ ಹೇಳಿ. ಹೆದರಿ ಕಲಿತ ಸ್ಪೆಲ್ಲಿಂಗ್ ಪರೀಕ್ಷೆಯಲ್ಲೇ ಮರೆತುಹೋಗುತ್ತದೆ. ನಗುತ್ತಾ ಕಲಿತದ್ದು ಮನಸ್ಸಿನಲ್ಲಿ ಉಳಿಯುತ್ತದೆ.