ಮುತ್ಯಾನ ನಂಬರು ಹುಡುಕುತ್ತ

ರಬಕವಿ, ಬನಹಟ್ಟಿ, ತೇರದಾಳ, ಜಮಖಂಡಿ ಕಡೆಯ ಹಳೆಯ ಮನೆಗಳಲ್ಲಿ ಎರಡನೇ ಮಹಾಯುದ್ಧದ ಮಾತು ಬಂದರೆ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ: “ನಮ್ಮ ಮುತ್ಯಾ ಮಿಲಿಟ್ರ್ಯಾಗ ಇದ್ದಾಂವ, ಬರ್ಮಾದಾಗ ಇಮಾನ ರಿಪೇರಿ ಮಾಡತಿದ್ದನಂತ.” ಯಾವ ಸ್ಕ್ವಾಡ್ರನ್ನು, ಯಾವ ಇಸವಿ ಎಂದು ಕೇಳಿದರೆ ಉತ್ತರವಿಲ್ಲ. ಟ್ರಂಕಿನ ತಳದಿಂದ ಒಂದು ಪದಕ, ಮಡಿಕೆಗಳಲ್ಲಿ ಹರಿದ ಒಂದು ಕಾಗದ, ಸಮವಸ್ತ್ರದಲ್ಲಿ ತೆಗೆಸಿಕೊಂಡ ಒಂದು ಫೋಟೊ ಹೊರಬಂದರೆ ಅದೇ ದೊಡ್ಡದು. ಆದರೆ ಹುಡುಕಾಟ ಶುರುಮಾಡಲು ಅಷ್ಟು ಸಾಕು.

ಮೊದಲು ಪದಕವನ್ನೇ ನೋಡಿ. ದುಂಡಗಿನ ಬಿಳಿ ಲೋಹದ ‘ವಾರ್ ಮೆಡಲ್’ನ ಒಂದು ಬದಿಗೆ ಕಿರೀಟ ತೊಟ್ಟ ಆರನೇ ಜಾರ್ಜ್ ದೊರೆ, ಇನ್ನೊಂದು ಬದಿಗೆ ಎರಡು ತಲೆಯ ಡ್ರ್ಯಾಗನ್ ಮೆಟ್ಟಿ ನಿಂತ ಸಿಂಹ, ಅದರ ಮೇಲೆ 1939, 1945 ಎಂಬ ಇಸವಿಗಳು. ಇವೆರಡನ್ನೂ ಬಿಟ್ಟು ಅಂಚನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಬೇಕು. ಭಾರತೀಯರಿಗೆ ಕೊಟ್ಟ ಪದಕಗಳಲ್ಲಿ ಸಾಮಾನ್ಯವಾಗಿ ಆ ಅಂಚಿನ ಮೇಲೆ ಸಣ್ಣ ಅಕ್ಷರಗಳಲ್ಲಿ ನಂಬರು, ಹುದ್ದೆ, ಹೆಸರು ಒತ್ತಿರುತ್ತಾರೆ. ಆ ನಂಬರೇ ಎಲ್ಲದಕ್ಕೂ ಕೀಲಿ. ಪದಕ ತೊಳೆದು ತಿಕ್ಕಿ ಹೊಳಪು ಬರಿಸುವ ಆಸೆ ಯಾರಿಗಾದರೂ ಇದ್ದರೆ ದಯವಿಟ್ಟು ಬೇಡ. ಸವೆದು ಹೋಗುವುದು ಮೊದಲು ಆ ಅಕ್ಷರಗಳೇ.

‘ಬರ್ಮಾ ಸ್ಟಾರ್’ ಎಂಬ ಆರು ಮೂಲೆಯ ನಕ್ಷತ್ರ ಸಿಕ್ಕರೆ ಮುತ್ಯಾ ಬರ್ಮಾದ ಒಳಗೇ ಹೋಗಿದ್ದ ಎಂದು ತೀರ್ಮಾನಿಸುವಂತಿಲ್ಲ. ಬಂಗಾಳ ಮತ್ತು ಅಸ್ಸಾಮಿನ ಯುದ್ಧವಲಯಗಳಲ್ಲಿ ಇದ್ದವರಿಗೂ ಅದು ಸಿಕ್ಕಿದೆ. ಭಾರತದ ನಕಾಶೆ ಇರುವ ‘ಇಂಡಿಯಾ ಸರ್ವಿಸ್ ಮೆಡಲ್’ ಮೂರು ವರ್ಷ ದೇಶದೊಳಗೆ ದುಡಿದವರದು. ಫೋಟೊದಲ್ಲಿ ತೋಳಿನ ಮೇಲೆ ಎರಡು ಅಲಗಿನ ಪ್ರೊಪೆಲ್ಲರ್ ಚಿಹ್ನೆ ಕಂಡರೆ ಆತ ಲೀಡಿಂಗ್ ಏರ್‌ಕ್ರಾಫ್ಟ್‌ಮನ್ ಆಗಿದ್ದ ಎಂದು ತಿಳಿಯಬಹುದು.

ಈ ಹುಡುಕಾಟ ಯಾಕೆ ಬೇಕು? ಭಾರತೀಯ ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಅದರ ಮೊದಲ ತುಕಡಿ ನಿಂತಾಗ ಇದ್ದವರು ಆರು ಅಧಿಕಾರಿಗಳು, 19 ‘ಹವಾಯಿ ಸಿಪಾಯಿ’ಗಳು, ನಾಲ್ಕು ವಾಪಿಟಿ ವಿಮಾನಗಳು. ಯುದ್ಧ ಮುಗಿಯುವ ಹೊತ್ತಿಗೆ ಅದೇ ಪಡೆಯಲ್ಲಿ ಸುಮಾರು 28,500 ಜನ, ಅವರಲ್ಲಿ ಅಧಿಕಾರಿಗಳು 1,600ರಷ್ಟು ಮಾತ್ರ. 1944ರಲ್ಲಿ ಇಂಫಾಲದ ಕಡೆ ಹರಿಕೇನ್ ಹಾರಿಸಿ ಡಿಎಫ್‌ಸಿ ಪದಕ ಪಡೆದ ಅರ್ಜನ್ ಸಿಂಗ್ ಅವರ ಹೆಸರು ಎಲ್ಲರಿಗೂ ಗೊತ್ತು. ಆ ವಿಮಾನಗಳ ಎಂಜಿನ್ ಬಿಚ್ಚಿ ಕಟ್ಟಿದ ಫಿಟ್ಟರು, ಬಂದೂಕಿಗೆ ಗುಂಡು ತುಂಬಿದ ಆರ್ಮರರು, ವೈರ್‌ಲೆಸ್ ಮುಂದೆ ಕುಳಿತವನು ಯಾವ ಪುಸ್ತಕದಲ್ಲೂ ಇಲ್ಲ. ಅಧಿಕಾರಿಗಳ ನೇಮಕವಾದರೂ ಗೆಜೆಟ್ಟಿನಲ್ಲಿ ಅಚ್ಚಾಗುತ್ತಿತ್ತು. ನಮ್ಮ ಭಾಗದ ಹುಡುಗರ ಬದುಕು ಉಳಿದಿದ್ದರೆ ಅದು ಅವರವರ ಸೇವಾ ದಾಖಲೆಯಲ್ಲಿ ಮಾತ್ರ. ಮೊಮ್ಮಕ್ಕಳು ಕೇಳದೆ ಹೋದರೆ ಅದನ್ನು ತೆಗೆದು ನೋಡುವವರು ಬೇರೆ ಯಾರೂ ಇಲ್ಲ.

ವಾಯುಸೈನಿಕರ ದಾಖಲೆ ನೋಡಿಕೊಳ್ಳುವುದು ದೆಹಲಿಯ ಸುಬ್ರತೊ ಪಾರ್ಕಿನಲ್ಲಿರುವ ಏರ್‌ಫೋರ್ಸ್ ರೆಕಾರ್ಡ್ ಆಫೀಸು. ಅರ್ಜಿಯಲ್ಲಿ ನಂಬರು, ಹುದ್ದೆ, ಪೂರ್ಣ ಹೆಸರು, ತಂದೆಯ ಹೆಸರು, ಊರು, ಸುಮಾರು ಇಸವಿ ಇರಬೇಕು. ಜೊತೆಗೆ ಮರಣ ಪ್ರಮಾಣಪತ್ರ ಮತ್ತು ನೀವು ವಾರಸುದಾರರು ಎಂದು ತೋರಿಸುವ ವಂಶಾವಳಿ ಇಡುವುದು ಒಳ್ಳೆಯದು. ಇದು ಖಾಸಗಿ ಮಾಹಿತಿ, ಸಂಬಂಧವಿಲ್ಲದವರಿಗೆ ಸುಲಭಕ್ಕೆ ಕೊಡುವುದಿಲ್ಲ. ಅರ್ಜಿ ಬರೆಯಲು ದಾರಿ ಕೇಳುವುದಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಬಹುದು.

ನಮ್ಮ ಕಡೆಯವರಿಗೆ ನಿಜವಾದ ತೊಡಕು ಬರುವುದು ಊರು ಮತ್ತು ಹೆಸರಿನಲ್ಲಿ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಯುದ್ಧಕಾಲದಲ್ಲಿ ರಬಕವಿ ಸಾಂಗ್ಲಿ ಸಂಸ್ಥಾನದಲ್ಲಿತ್ತು, ಕೂಗಳತೆಯ ಬನಹಟ್ಟಿ ಜಮಖಂಡಿ ಸಂಸ್ಥಾನದಲ್ಲಿತ್ತು, ಮುಧೋಳಕ್ಕೆ ಅದರದೇ ಘೋರ್ಪಡೆ ದೊರೆಗಳಿದ್ದರು. ಬೀಳಗಿ ಮಾತ್ರ ಬ್ರಿಟಿಷರ ವಿಜಾಪುರ ಜಿಲ್ಲೆ. ಆದ್ದರಿಂದ ಅಣ್ಣತಮ್ಮಂದಿರಂತೆ ಬೆಳೆದ ಇಬ್ಬರು ಗೆಳೆಯರ ಕಾಗದದಲ್ಲಿ ಬೇರೆ ಬೇರೆ ಸಂಸ್ಥಾನ ಕಾಣಿಸಬಹುದು. ಹೆಸರಿನ ಮಧ್ಯೆ ತಂದೆಯ ಹೆಸರು ಸೇರಿಸುವ ಮುಂಬೈ ಪದ್ಧತಿ, ಊರಿನ ಹೆಸರೇ ಅಡ್ಡಹೆಸರಾಗುವ ರೂಢಿ, ಕನ್ನಡ ತಿಳಿಯದ ಗುಮಾಸ್ತನ ಇಂಗ್ಲಿಷ್ ಸ್ಪೆಲ್ಲಿಂಗು, ಮೂರೂ ಸೇರಿ ಒಬ್ಬನೇ ಮನುಷ್ಯನನ್ನು ಮೂವರನ್ನಾಗಿ ಮಾಡುತ್ತವೆ. ಇದಕ್ಕೆ ಮದ್ದು ಶಾಲೆಯಲ್ಲಿದೆ. ವಾಯುಪಡೆಯ ತಾಂತ್ರಿಕ ಕೆಲಸಗಳಿಗೆ ಇಂಗ್ಲಿಷ್ ಓದಲು ಬರೆಯಲು ಬರುವ ಹುಡುಗರು ಬೇಕಿತ್ತು. ಹಾಗಾಗಿ ಜಮಖಂಡಿಯ ಪಿ.ಬಿ. ಹೈಸ್ಕೂಲಿನಂಥ ಹಳೆಯ ಶಾಲೆಗಳ ಜನರಲ್ ರಜಿಸ್ಟರಿನಿಂದ ಹೆಸರು, ಜನ್ಮದಿನಾಂಕ ಇರುವ ಉತಾರ ಪಡೆದು ಅರ್ಜಿಗೆ ಲಗತ್ತಿಸಿದರೆ ಅನುಮಾನಕ್ಕೆ ಎಡೆ ಕಡಿಮೆ.

ಭರ್ತಿಯಾದ ತಾರೀಖು ಸಿಕ್ಕ ಮೇಲೆ ಅದನ್ನು ಮನೆಯ ಕಥೆಯ ಪಕ್ಕದಲ್ಲಿಟ್ಟು ಓದಬೇಕು. ಉದಾಹರಣೆಗೆ, 1943ರಲ್ಲಿ ಸರ್ಕಾರ ಹತ್ತಿಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ತಂದಿತು. ಮಗ್ಗದ ಮನೆಯ ಹುಡುಗ ಆ ಹೊತ್ತಿಗೆ ಸೇರಿದ್ದರೆ, ಅವನ ಮುಂದೆ ಇದ್ದದ್ದು ದೇಶವೋ ದೊರೆಯೋ ಎನ್ನುವುದಕ್ಕಿಂತ ನೂಲಿಲ್ಲದೆ ನಿಂತ ಮಗ್ಗ ಎಂದೇ ನನಗನ್ನಿಸುತ್ತದೆ. ಅದರಿಂದ ಆತನ ದುಡಿಮೆಯ ಗೌರವ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ದೆಹಲಿಯಿಂದ ‘ಇಂಥವರ ದಾಖಲೆ ಇಲ್ಲ’ ಎಂಬ ಉತ್ತರ ಬಂದರೂ ಮುತ್ಯಾ ಸುಳ್ಳು ಹೇಳಿದ ಎಂದುಕೊಳ್ಳಬಾರದು. ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. 1943ರಲ್ಲಿ ಅದರ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಬೆಳ್ಳಂದೂರು ಕೆರೆಯ ನೀರಿಗೆ ಇಳಿಯುತ್ತಿದ್ದ ಕ್ಯಾಟಲೀನಾ ವಿಮಾನಗಳು ಅಲ್ಲಿ ದುರಸ್ತಿಯಾದವು. ಅಲ್ಲಿ ಕೂಲಿ ಪಡೆದವನೂ ಯುದ್ಧದಲ್ಲಿ ವಿಮಾನ ರಿಪೇರಿ ಮಾಡಿದವನೇ, ಆದರೆ ವಾಯುಪಡೆಯ ನಂಬರು ಅವನಿಗಿರಲಿಲ್ಲ.

ಸ್ಕ್ವಾಡ್ರನ್ ಯಾವುದೆಂದು ತಿಳಿದರೆ ಮುಂದಿನ ದಾರಿ ಅದರ ದಿನಚರಿ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸಿನ ‘ಎಐಆರ್ 27’ ಎಂಬ ಶ್ರೇಣಿಯಲ್ಲಿ ಸ್ಕ್ವಾಡ್ರನ್ನುಗಳ ದಿನಚರಿಗಳಿವೆ: ಫಾರ್ಮ್ 540ರಲ್ಲಿ ದಿನದ ಸಂಗತಿ, 541ರಲ್ಲಿ ಹಾರಾಟದ ವಿವರ. ಫಿಟ್ಟರಿನ ಹೆಸರು ಅಲ್ಲಿ ಅಪರೂಪ. ಆದರೆ ಶಿಬಿರ ಯಾವ ದಿನ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ತಿಳಿದರೆ ಮುತ್ಯಾ ಎಲ್ಲಿದ್ದ ಎಂಬುದೂ ತಿಳಿದಂತೆ.

ಮರಳಿ ಬಾರದವರ ಮನೆಗಳಿಗೆ ಬೇರೆ ದಾರಿ ಇದೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯನ್ನು ಮೊಬೈಲಿನಲ್ಲೇ ಪುಕ್ಕಟೆ ಹುಡುಕಬಹುದು. ದಕ್ಷಿಣ ಮತ್ತು ಪೂರ್ವ ಏಷ್ಯಾದಲ್ಲಿ ಸತ್ತು ಸಮಾಧಿ ಸಿಗದ ವಾಯುಸೈನಿಕರ ಹೆಸರುಗಳು ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಗಳ ಮೇಲಿವೆ. ಅಲ್ಲಿಯೂ ಎರಡು ಮೂರು ಸ್ಪೆಲ್ಲಿಂಗಿನಲ್ಲಿ ಹುಡುಕಿ. ತಪ್ಪು ಕಂಡರೆ ಆಧಾರ ಕಳಿಸಿ ತಿದ್ದಿಸಬಹುದು; ಹೆಸರೇ ಬಿಟ್ಟುಹೋಗಿದ್ದರೆ ಸೇರಿಸಲು ಕೇಳುವ ಅವಕಾಶವೂ ಇದೆ.