ಕಲಾವಿದರೇ ಒಡೆಯರಾದ ಧ್ವನಿಮುದ್ರಿಕೆ

ಸಂಗೀತ ಕಚೇರಿಯೊಂದನ್ನು ಏರ್ಪಡಿಸಿ ಕೈಸುಟ್ಟುಕೊಂಡ ಅನುಭವ ಯಾವ ಸಂಘಕ್ಕೆ ಇಲ್ಲ? ವಿದ್ವಾಂಸರು ಬಂದಿರುತ್ತಾರೆ, ಸಭಾಂಗಣದ ಬಾಡಿಗೆ ಸಂದಾಯವಾಗಿರುತ್ತದೆ, ಬಾರದವರು ಶ್ರೋತೃಗಳು ಮಾತ್ರ. 1953ರ ಮೇ 15ರಂದು ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಜಾಸ್ ರಸಿಕರ ಸಂಘವೊಂದಕ್ಕೆ ಒದಗಿದ್ದೂ ಇದೇ ಗತಿ. ಆದರೆ ಅಂದಿನ ನಷ್ಟದ ನಡುವಿನಿಂದಲೇ ಜಾಸ್ ಸಂಗೀತದ ಚಿರಸ್ಮರಣೀಯ ಧ್ವನಿಮುದ್ರಿಕೆಯೊಂದು ಮೂಡಿಬಂದಿತು.

ಜಾಸ್, ಅಮೆರಿಕದ ಕಪ್ಪು ಜನರ ಬಾಳಿನಿಂದ ಅರಳಿದ ಸಂಗೀತ. ನಮ್ಮಲ್ಲಿ ಮನೋಧರ್ಮಕ್ಕಿರುವ ಸ್ಥಾನ ಅಲ್ಲಿ ಆಶುವಾದನಕ್ಕಿದೆ. ಒಂದು ರಾತ್ರಿ ನುಡಿದದ್ದು ಮತ್ತೊಂದು ರಾತ್ರಿ ಹಾಗೆಯೇ ನುಡಿಯದು. ಆದುದರಿಂದಲೇ ಧ್ವನಿಮುದ್ರಣಕ್ಕೆ ಅಲ್ಲಿ ವಿಶೇಷ ಬೆಲೆ. ಆದರೆ ಮುದ್ರಣದ ವೆಚ್ಚವನ್ನು ಭರಿಸುತ್ತಿದ್ದ ಕಂಪನಿಗಳೇ ಸಾಮಾನ್ಯವಾಗಿ ಮೂಲ ಟೇಪಿನ ಒಡೆತನವನ್ನೂ ಹೊಂದುತ್ತಿದ್ದವು. ಕಲಾವಿದನಿಗೆ ದಕ್ಕುತ್ತಿದ್ದುದು ಗೊತ್ತುಪಡಿಸಿದ ಸಂಭಾವನೆ, ಹೆಚ್ಚೆಂದರೆ ಅಲ್ಪ ಗೌರವಧನ.

ಈ ವ್ಯವಸ್ಥೆಗೆ ಪರ್ಯಾಯವನ್ನು ಹುಡುಕಿದವರು ಬಾಸ್ ವಾದಕ ಚಾರ್ಲ್ಸ್ ಮಿಂಗಸ್, ಅವರ ಪತ್ನಿ ಸೀಲಿಯಾ ಮತ್ತು ಡ್ರಮ್ ವಾದಕ ಮ್ಯಾಕ್ಸ್ ರೋಚ್. 1952ರಲ್ಲಿ ಅವರು ನ್ಯೂಯಾರ್ಕಿನಲ್ಲಿ ‘ಡೆಬ್ಯೂ ರೆಕಾರ್ಡ್ಸ್’ ಎಂಬ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು. ನುಡಿಸುವವರೇ ಬಂಡವಾಳಗಾರರು, ಅವರೇ ಪ್ರಕಾಶಕರು. ಕಚೇರಿಯ ಕೆಲಸಕಾರ್ಯಗಳಲ್ಲಿ ಸೀಲಿಯಾ ಅವರ ಹೊಣೆ ಹಿರಿದಾಗಿತ್ತು.

ಮರುವರ್ಷ ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ಈ ಇಬ್ಬರು ವಾದಕರೊಡನೆ ಸ್ಯಾಕ್ಸೊಫೋನಿನ ಚಾರ್ಲಿ ಪಾರ್ಕರ್, ಟ್ರಂಪೆಟ್ಟಿನ ಡಿಜ್ಜಿ ಗಿಲೆಸ್ಪಿ, ಪಿಯಾನೊದ ಬಡ್ ಪೊವೆಲ್ ಕೂಡಿದರು. ಪೊವೆಲ್ ಮನೋರೋಗದ ಚಿಕಿತ್ಸೆ ಪಡೆದು ಅದೇ ವರ್ಷ ಆಸ್ಪತ್ರೆಯಿಂದ ಹೊರಬಂದಿದ್ದರು. ಪಾರ್ಕರ್ ಅಂದು ನುಡಿಸಿದ್ದು ಪ್ಲಾಸ್ಟಿಕ್ಕಿನ ಸ್ಯಾಕ್ಸೊಫೋನ್. ಅದೇ ರಾತ್ರಿ ಚಿಕಾಗೊದಲ್ಲಿ ಮಾರ್ಸಿಯಾನೊ ಮತ್ತು ವಾಲ್‌ಕಾಟರ ನಡುವೆ ವಿಶ್ವ ಹೆವಿವೇಟ್ ಮುಷ್ಟಿಯುದ್ಧ ನಡೆಯಲಿತ್ತು. ಆ ಪಂದ್ಯ ಮೊದಲ ಸುತ್ತಿನಲ್ಲಿಯೇ ಮುಗಿದುಹೋಯಿತು; ಆದರೆ ಅದರ ಆಕರ್ಷಣೆಯಿಂದ ಸಂಗೀತಸಭೆಯ ಅನೇಕ ಆಸನಗಳು ಬರಿದಾಗಿಯೇ ಉಳಿದವು.

ಟಿಕೆಟಿನ ಹಣ ಸಂಭಾವನೆಗೆ ಸಾಲದಾಯಿತು. ಕೊಟ್ಟ ಚೆಕ್ಕುಗಳಿಗೆ ಖಾತೆಯಲ್ಲಿ ಹಣವಿರಲಿಲ್ಲವೆಂದೂ, ಪಾರ್ಕರ್ ಒಬ್ಬರೇ ತಮ್ಮದನ್ನು ನಗದು ಮಾಡಿಸಿಕೊಂಡರೆಂದೂ ಹೇಳುವುದುಂಟು. ಆದರೆ ಕಚೇರಿಯ ಟೇಪು ಮಿಂಗಸ್ ಅವರ ಕೈಸೇರಿತು. ಸ್ವಂತ ಸಂಸ್ಥೆಯಿದ್ದುದರಿಂದ ಅದನ್ನು ಬೇರೊಬ್ಬರಿಗೆ ಮಾರಬೇಕಾದ ಅಗತ್ಯ ಬೀಳಲಿಲ್ಲ.

ಆದರೂ ತೊಡಕುಗಳು ಉಳಿದವು. ಟೇಪಿನಲ್ಲಿ ಬಾಸ್ ವಾದ್ಯದ ನಾದ ಕ್ಷೀಣವಾಗಿತ್ತು. ಮಿಂಗಸ್ ನ್ಯೂಯಾರ್ಕಿನಲ್ಲಿ ತಮ್ಮ ಭಾಗವನ್ನು ಮತ್ತೆ ನುಡಿಸಿ ಅದರ ಮೇಲೆ ಸೇರಿಸಿದರು. ಪಾರ್ಕರ್ ಬೇರೊಂದು ಕಂಪನಿಯ ಕರಾರಿಗೆ ಒಳಪಟ್ಟಿದ್ದರು; ಆದ್ದರಿಂದ ಮುದ್ರಿಕೆಯ ಮೇಲೆ ಅವರ ಹೆಸರು ‘ಚಾರ್ಲಿ ಚಾನ್’ ಎಂದಾಯಿತು. ಹೆಸರನ್ನು ಮರೆಮಾಚಬಹುದು, ನಾದವನ್ನು ಮರೆಮಾಚಲಾದೀತೆ? ಬಲ್ಲವರು ಕೇಳಿದೊಡನೆ ಗುರುತಿಸಿದರು. ‘ಜಾಸ್ ಅಟ್ ಮ್ಯಾಸಿ ಹಾಲ್’ ಹೀಗೆ ಬೆಳಕು ಕಂಡಿತು.

1955ರ ಮಾರ್ಚ್ 12ರಂದು ಪಾರ್ಕರ್ ತಮ್ಮ 34ನೆಯ ವಯಸ್ಸಿನಲ್ಲಿ ನಿಧನರಾದರು. ಆ ಐವರೂ ಒಂದೇ ವೇದಿಕೆಯಲ್ಲಿ ನುಡಿಸಿದ ಧ್ವನಿಮುದ್ರಣ ಅದೊಂದೇ ಆಯಿತು. ಪಾಲ್ ಬ್ಲೇ, ಥ್ಯಾಡ್ ಜೋನ್ಸ್ ಮುಂತಾದ ಅಂದಿನ ತರುಣರ ಸಂಗೀತವನ್ನೂ ಪ್ರಕಟಿಸಿದ ಡೆಬ್ಯೂ, 1957ರ ವೇಳೆಗೆ ತನ್ನ ಕೆಲಸವನ್ನು ನಿಲ್ಲಿಸಿತು. ದೊಡ್ಡ ಸಂಸ್ಥೆಗಳಿಗಿದ್ದ ಬಂಡವಾಳವಾಗಲಿ ಮಾರಾಟದ ಜಾಲವಾಗಲಿ ಅದಕ್ಕಿರಲಿಲ್ಲ.

ಆಯವ್ಯಯದ ದೃಷ್ಟಿಯಿಂದ ಇದನ್ನು ವಿಫಲ ಉದ್ಯಮವೆನ್ನಬಹುದು. ಆದರೆ ಆ ರಾತ್ರಿಯ ಪ್ರೇಕ್ಷಕರು ತುಂಬಲಾರದೆ ಹೋದ ಸಭಾಂಗಣವನ್ನು ಮುಂದಿನ ತಲೆಮಾರುಗಳ ಕೇಳುಗರು ತುಂಬಿದ್ದಾರೆ. ನಮ್ಮ ಸಂಘಸಂಸ್ಥೆಗಳು ಕಲಾವಿದರನ್ನು ಕರೆಸುವಾಗ ಹಾರ, ಶಾಲುಗಳ ಜೊತೆಗೆ ಎರಡು ಸಂಗತಿಗಳನ್ನು ನೆನೆಯುವುದು ಒಳಿತು: ಒಪ್ಪಿದ ಸಂಭಾವನೆಯನ್ನು ಅಂದೇ ಸಲ್ಲಿಸುವುದು, ಆ ದಿನದ ಗಾನವನ್ನು ಕಲಾವಿದರ ಒಪ್ಪಿಗೆ ಪಡೆದು ಮುದ್ರಿಸಿ, ಅದರ ಪ್ರತಿಯೊಂದನ್ನು ಅವರ ಕೈಗೊಪ್ಪಿಸುವುದು.