ವಿಡಿಯೋ ಪರಿವರ್ತನೆ: ಚಿತ್ರ ಬಂತು, ಧ್ವನಿ ಎಲ್ಲಿ ಹೋಯಿತು?



ರಾಟರ್‌ಡ್ಯಾಮ್ ಮತ್ತು ಸುತ್ತಮುತ್ತಲಿನ ನಮ್ಮ ಅನೇಕರ ಮನೆಗಳಲ್ಲಿ ಮದುವೆ, ನಾಮಕರಣ, ರಾಜ್ಯೋತ್ಸವಗಳ ಹಳೆಯ ಕ್ಯಾಸೆಟ್ಟು, ಡಿವಿಡಿಗಳು ಕಪಾಟಿನಲ್ಲಿ ಕುಳಿತಿವೆ. ಅವನ್ನು ಎಂಪಿ4 ಮಾಡಿ ಊರಿಗೆ ಕಳಿಸೋಣವೆಂದು ಹೊರಟರೆ ಕೆಲವೊಮ್ಮೆ ಚಿತ್ರ ಚೆನ್ನಾಗಿ ಬರುತ್ತದೆ, ಧ್ವನಿ ಮಾತ್ರ ಇರುವುದಿಲ್ಲ. ಅಜ್ಜಿ ಸೋಬಾನೆ ಹಾಡುತ್ತಿದ್ದಾರೆ, ತುಟಿ ಆಡುತ್ತಿದೆ, ಸದ್ದಿಲ್ಲ. ಅಜ್ಜಿ ಈಗ ಇಲ್ಲವೆಂದರೆ ಎದೆ ಧಸಕ್ಕೆನ್ನುವುದು ಸಹಜ.

ಗಾಬರಿ ಬೇಡ. ಮೂಲ ಡಿಸ್ಕನ್ನಂತೂ ಎಸೆಯಲೇಬೇಡಿ. ಮೊದಲು ಮೂಲ ಕಡತವನ್ನು ವಿಎಲ್‌ಸಿ ಎಂಬ ಉಚಿತ ಪ್ಲೇಯರ್‌ನಲ್ಲಿ ಹಾಕಿ ನೋಡಿ. ಅಲ್ಲಿ ಕೇಳಿಸಿದರೆ ಹಾಡು ಭದ್ರವಾಗಿದೆ, ಪರಿವರ್ತಿಸುವ ತಂತ್ರಾಂಶಕ್ಕೆ ಅದು ತಿಳಿದಿಲ್ಲ, ಅಷ್ಟೆ.

ವಿಡಿಯೋ ಕಡತವೆಂದರೆ ಊಟದ ಕ್ಯಾರಿಯರ್ ಇದ್ದಂತೆ. ಒಂದು ಡಬ್ಬಿಯಲ್ಲಿ ಚಿತ್ರ, ಇನ್ನೊಂದರಲ್ಲಿ ಧ್ವನಿ. ಎವಿಐ, ಎಂಪಿ4 ಎಂಬುವು ಕ್ಯಾರಿಯರ್‌ನ ಹೆಸರುಗಳು, ಒಳಗಿನ ಅಡುಗೆಯ ಹೆಸರಲ್ಲ. ಧ್ವನಿಯನ್ನು ಯಾವ ಕೋಡೆಕ್‌ನಲ್ಲಿ ಕಟ್ಟಿದ್ದಾರೆಂದು ತಿಳಿಯಲು ವಿಎಲ್‌ಸಿಯ ಟೂಲ್ಸ್ ಮೆನುವಿನಲ್ಲಿ ಕೋಡೆಕ್ ಇನ್ಫರ್ಮೇಷನ್ ತೆರೆಯಿರಿ.

ನಮ್ಮ ಡಿವಿಡಿಗಳಲ್ಲಿ ಹೆಚ್ಚಾಗಿ ಸಿಗುವುದು ಎಸಿ3, ಅಂದರೆ ಡಾಲ್ಬಿ ಡಿಜಿಟಲ್. ಇದಕ್ಕೆ ಪೇಟೆಂಟ್ ಇದ್ದದ್ದರಿಂದ 2000ದ ದಶಕದ ಅನೇಕ ಉಚಿತ ತಂತ್ರಾಂಶಗಳು ಇದನ್ನು ಬಿಟ್ಟೇಬಿಟ್ಟಿದ್ದವು. ಪೇಟೆಂಟ್ 2017ರಲ್ಲಿ ಮುಗಿಯಿತು. ಆದರೂ ತೊಂದರೆ ಪೂರ್ತಿ ಹೋಗಿಲ್ಲ: ಎಂಪಿ4 ಒಳಗೆ ಎಸಿ3 ಹಾಗೆಯೇ ಇಟ್ಟರೆ ಅನೇಕ ಫೋನುಗಳೂ ಬ್ರೌಸರ್‌ಗಳೂ ಮೌನ ವಹಿಸುತ್ತವೆ. ಹ್ಯಾಂಡ್‌ಬ್ರೇಕ್ ಬಳಸುವವರು ಆಡಿಯೋ ಟ್ಯಾಬ್‌ನಲ್ಲಿ ‘ಪಾಸ್‌ಥ್ರೂ’ ಬದಲು ಎಎಸಿ ಆಯ್ದುಕೊಂಡರೆ ಸಾಕು.

ಡಿವಿಡಿಯ ಇನ್ನೊಂದು ಮೋಸ ನೋಡಿ. ಅದರೊಳಗಿನ ವಿಓಬಿ ಕಡತಗಳಲ್ಲಿ ‘01_0’ ಎಂದು ಮುಗಿಯುವುದು ಕೇವಲ ಮೆನು. ಅದಕ್ಕೆ ಎಷ್ಟೋ ಸಲ ಧ್ವನಿಯೇ ಇರುವುದಿಲ್ಲ. ನಿಜವಾದ ಕಾರ್ಯಕ್ರಮ ‘01_1’ರಿಂದ ಶುರುವಾಗಿ, ಸುಮಾರು ಒಂದೊಂದು ಜಿಬಿ ತುಂಡುಗಳಾಗಿ ಸಾಗುತ್ತದೆ. ಕೆಲವು ತಂತ್ರಾಂಶಗಳು ಕಡತದ ಆರಂಭವನ್ನಷ್ಟೇ ಪರೀಕ್ಷಿಸುತ್ತವೆ. ಧ್ವನಿ ತಡವಾಗಿ ಶುರುವಾದರೆ ‘ಇಲ್ಲ’ ಎಂದೇ ತೀರ್ಮಾನಿಸುತ್ತವೆ. ಆದ್ದರಿಂದ ಒಂದೊಂದೇ ತುಂಡನ್ನು ಕೊಡದೆ ವಿಡಿಯೋ_ಟಿಎಸ್ ಫೋಲ್ಡರನ್ನು ಇಡಿಯಾಗಿ ತೆರೆಯುವುದು ಉತ್ತಮ.

ಮಿನಿ ಡಿವಿ ಕ್ಯಾಮರಾದಿಂದ ಇಳಿಸಿದ ಎವಿಐ ಕಡತಗಳಲ್ಲಿ ಎರಡು ಬಗೆ. ಟೈಪ್ 1ರಲ್ಲಿ ಚಿತ್ರ, ಧ್ವನಿ ಒಂದೇ ಡಬ್ಬಿಯಲ್ಲಿ, ಬಿಸಿಬೇಳೆಬಾತಿನಂತೆ. ಪ್ರತ್ಯೇಕ ಡಬ್ಬಿ ಹುಡುಕುವ ತಂತ್ರಾಂಶಕ್ಕೆ ಧ್ವನಿ ಕಾಣುವುದೇ ಇಲ್ಲ. ಟೈಪ್ 2ಕ್ಕೆ ಬದಲಿಸಿಕೊಂಡು ಮುಂದುವರಿಯಿರಿ. ಹಳೆಯ ಮೊಬೈಲ್‌ಗಳ 3ಜಿಪಿ ಕಡತಗಳಲ್ಲಿ ಸಾಮಾನ್ಯವಾಗಿ ಇರುವುದು ಎಎಂಆರ್ ಎಂಬ, ದೂರವಾಣಿ ಮಾತಿಗಾಗಿ ಮಾಡಿದ ಧ್ವನಿ. ಅದನ್ನೂ ಎಎಸಿಗೆ ಬದಲಿಸಬೇಕು.

ಇನ್ನು, ಮೂಲ ಕಡತವೇ ವಿಎಲ್‌ಸಿಯಲ್ಲಿ ಮೌನವಾಗಿದ್ದರೆ? ವಿಎಚ್‌ಎಸ್ ಟೇಪಿನಿಂದ ಇಳಿಸಿದ್ದಾದರೆ ಧ್ವನಿ ಕಂಪ್ಯೂಟರಿಗೆ ಬಂದೇ ಇಲ್ಲದಿರಬಹುದು. ಹಳದಿ ತಂತಿ ಒಯ್ಯುವುದು ಚಿತ್ರ ಮಾತ್ರ, ಧ್ವನಿಗೆ ಕೆಂಪು ಮತ್ತು ಬಿಳಿ ಬೇಕು. ವಿಂಡೋಸ್ 10 ಮತ್ತು 11ರಲ್ಲಿ ಪ್ರೈವೆಸಿ ವಿಭಾಗದ ಮೈಕ್ರೋಫೋನ್ ಅನುಮತಿ ಮುಚ್ಚಿದ್ದರೂ ಯುಎಸ್‌ಬಿ ಕ್ಯಾಪ್ಚರ್ ಸಾಧನದ ಧ್ವನಿ ನಿಂತುಹೋಗುತ್ತದೆ. ಟೇಪಿಗೂ ಮೈಕಿಗೂ ಏನು ಸಂಬಂಧವೆಂದು ಯಾರಿಗೆ ತಾನೇ ಹೊಳೆಯಬೇಕು!

ಆಗ ಟೇಪನ್ನು ಮತ್ತೆ ಓಡಿಸಲೇಬೇಕು. 1963ರಲ್ಲಿ ಆಡಿಯೋ ಕ್ಯಾಸೆಟ್ಟನ್ನು ಜಗತ್ತಿಗೆ ಕೊಟ್ಟ ಫಿಲಿಪ್ಸ್‌ನ ದೇಶದಲ್ಲಿದ್ದರೂ ಹೊಸ ವಿಸಿಆರ್ ನಮಗೆ ಸಿಗದು: ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಅದರ ತಯಾರಿಕೆ ನಿಲ್ಲಿಸಿತು. ಮಾರ್ಕ್‌ಪ್ಲಾಟ್ಸ್‌ನಲ್ಲೋ ಕ್ರಿಂಗ್‌ಲೋಪ್ ಅಂಗಡಿಯಲ್ಲೋ ಹಳೆಯದನ್ನು ಹುಡುಕಬೇಕು. ಭಾರತ, ನೆದರ್‌ಲ್ಯಾಂಡ್ಸ್ ಎರಡೂ ಪಾಲ್ ಪದ್ಧತಿಯವು, ಹಾಗಾಗಿ ಊರಿನ ಟೇಪು ಇಲ್ಲಿನ ಯಂತ್ರದಲ್ಲಿ ಓಡುತ್ತದೆ. ಅಮೆರಿಕದ ನೆಂಟರು ಕಳಿಸಿದ ಎನ್‌ಟಿಎಸ್‌ಸಿ ಟೇಪಿಗೆ ಮಾತ್ರ ಅದನ್ನು ಓದಬಲ್ಲ ಯಂತ್ರವೇ ಬೇಕು. ಮೊದಲು ಐದು ನಿಮಿಷ ಮಾತ್ರ ಇಳಿಸಿ, ಹೆಡ್‌ಫೋನ್ ಹಾಕಿ ಕೇಳಿ, ಆಮೇಲೆ ಮೂರು ಗಂಟೆಯ ಟೇಪನ್ನು ಓಡಲು ಬಿಡಿ.